ಊರು ಮಲಗಿದ ಹೊತ್ತಿನ ಸುದ್ದಿ

ನಮ್ಮೂರಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಕೆಟ್ಟ ಸುದ್ದಿ ಬಂದರೂ ಅದು ಮೂರು ಹೊಡೆಯುವವರೆಗೆ ಹೊರಗೆ ಕಾಯಬೇಕು. ಜನವರಿ ನಮ್ಮಲ್ಲಿ ನಡುಬೇಸಿಗೆ, ಕೆಂಪು ಮಣ್ಣಿನ ದಾರಿ ಕಾದ ಕಾವಲಿಯಾಗಿರುತ್ತದೆ. ಪಾದ್ರಿ, ಪೊಲೀಸಿನವನು, ಔಷಧದಂಗಡಿಯವನು, ಬೀದಿ ನಾಯಿ, ಎಲ್ಲರೂ ಒಂದೇ ಸಮ ಬಿದ್ದುಕೊಂಡಿರುತ್ತಾರೆ.

ಉಳಿದವರಿಗೆ ಅದು ಸುಖದ ನಿದ್ದೆ. ನನಗೆ ಅದೇ ರಾತ್ರಿ. ನಾನು ಚಿಪಾ ಸುಟ್ಟು ಮಾರುವವಳು. ಇನ್ನೂ ಕತ್ತಲಿರುವಾಗಲೇ ಎದ್ದು ಮರಗೆಣಸಿನ ಹಿಟ್ಟಿಗೆ ಚೀಸು, ಹಂದಿಕೊಬ್ಬು, ಮೊಟ್ಟೆ, ಸೋಂಪು ಹಾಕಿ ನಾದಬೇಕು, ಬಳೆ ಬಳೆಯಾಗಿ ಕಟ್ಟಿ ಬಾಳೆಲೆಯ ಮೇಲಿಟ್ಟು ಮಣ್ಣಿನ ಗೂಡೊಲೆಗೆ ತಳ್ಳಬೇಕು. ರಾಜಧಾನಿ ಅಸುನ್ಸಿಯೋನ್‌ಗೆ ಹೋಗುವ ಮೊದಲ ಬಸ್ಸು ನಮ್ಮ ಮನೆಯ ಮುಂದಿನ ತಿರುವಿನಲ್ಲಿ ನಿಲ್ಲುವ ಹೊತ್ತಿಗೆ ಬುಟ್ಟಿಯಿಂದ ಹಬೆ ಏಳುತ್ತಿರಬೇಕು. ಹತ್ತು ಗಂಟೆಗೆ ಬುಟ್ಟಿ ಖಾಲಿ, ಹನ್ನೊಂದಕ್ಕೆ ಅಡುಗೆ, ಹನ್ನೆರಡಕ್ಕೆ ನನ್ನ ತಲೆ ದಿಂಬಿನ ಮೇಲೆ. ಆ ಮೂರು ಗಂಟೆ ಹೋದರೆ ಮರುದಿನದ ಚಿಪಾ ಹೋದ ಹಾಗೆ.

ಜೆರುತಿ ನನ್ನ ಅಕ್ಕನ ಮೊಮ್ಮಗಳು. ಎಂಟು ವರ್ಷ. ಅಕ್ಕ ತೀರಿಕೊಂಡಳು. ಅಕ್ಕನ ಮಗಳು, ಅಂದರೆ ಜೆರುತಿಯ ಅಮ್ಮ, ನಿಮಿಯಾ ರಾಜಧಾನಿಯ ಒಂದು ದೊಡ್ಡ ಮನೆಯಲ್ಲಿ ಅಲ್ಲೇ ಇದ್ದು ಕೆಲಸ ಮಾಡುತ್ತಾಳೆ. ಹದಿನೈದು ದಿನಕ್ಕೊಂದು ಭಾನುವಾರ ಬರುತ್ತಾಳೆ. ಮಗು ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಹತ್ತಿರವೇ ಇದೆ. ಮಗುವಿನ ಅಪ್ಪನಿಗೆ ಬೇರೆ ಸಂಸಾರ. ಆದರೆ ಅವನ ತಾಯಿ ಎನ್ಕಾರ್ನಾಸಿಯೋನ್ ಪಟ್ಟಣದಲ್ಲಿ ಚೆನ್ನಾಗಿದ್ದಾರೆ, ಮನೆ ತುಂಬ ಮೊಮ್ಮಕ್ಕಳು, ಇವಳನ್ನೂ ಕಳಿಸು ಅಂತ ವರ್ಷಕ್ಕೆರಡು ಸಲ ಹೇಳಿ ಕಳಿಸುತ್ತಾರೆ. ಅಲ್ಲಿಗೆ ಬಸ್ಸಿನಲ್ಲಿ ಇಡೀ ದಿನದ ದಾರಿ. ಹೋದ ಮಗು ನಮಗೆ ಫೋಟೋದಲ್ಲಿ ಮಾತ್ರ ಬೆಳೆಯುತ್ತದೆ.

ಫೋನಿನ ವಿಷಯದಲ್ಲಿ ನಾನು ಯಾರನ್ನೂ ದೂರುವುದಿಲ್ಲ. ನಿಮಿಯಾ ತನ್ನ ಹಳೇ ಫೋನನ್ನು ಮಗುವಿಗೆ ಕೊಟ್ಟಿದ್ದು ನಿಜ, ಆದರೆ ಅದರಿಂದ ಸುಖಪಟ್ಟವಳು ನಾನು. ಹನ್ನೆರಡಕ್ಕೆ ಅದನ್ನು ಕೈಗೆ ಕೊಟ್ಟರೆ ಮೂರರವರೆಗೆ ಮನೆಯಲ್ಲಿ ಮಗು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷ ರಾಣಿಯ ಹಾಗೆ ನಿದ್ದೆ ಮಾಡಿದೆ. ಆಮೇಲೆ ಮಗು ಕಣ್ಣು ಪಟಪಟ ಬಡಿಯುವುದಕ್ಕೆ ಶುರು ಮಾಡಿತು. ಬಸ್ಸಿನ ಬೋರ್ಡು ಓದು ಅಂದರೆ ತಪ್ಪು ಓದುತ್ತಿತ್ತು. ಡಿಸೆಂಬರಿನಲ್ಲಿ ಆರೋಗ್ಯ ಕೇಂದ್ರದ ಡಾಕ್ಟರಮ್ಮ ನೋಡಿ, ಶಾಲೆ ತೆರೆಯುವವರೆಗೆ ಫೋನು ಮುಟ್ಟಿಸಬೇಡಿ, ದೂರದ್ದನ್ನು ನೋಡಲಿ, ಮಾರ್ಚಿನಲ್ಲಿ ಮತ್ತೆ ಪರೀಕ್ಷೆ ಮಾಡೋಣ ಅಂದರು. ಕ್ರಿಸ್ಮಸ್‌ಗೆ ಬಂದ ನಿಮಿಯಾ ಹೋಗುವಾಗ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಮೊದಲ ದಿನ ನಾನು ಗುಂಡಿಗಳ ಡಬ್ಬಿ ಕೊಟ್ಟು ಬಣ್ಣ ಬಣ್ಣ ಬೇರೆ ಮಾಡು ಅಂದೆ. ಕಾಲು ಗಂಟೆಯಲ್ಲಿ ಮುಗಿಸಿ ನನ್ನ ಮಂಚದ ಹತ್ತಿರ ನಿಂತಳು. ಗಾತ್ರದ ಪ್ರಕಾರ ಜೋಡಿಸು ಅಂದೆ. ಅದೂ ಮುಗಿಯಿತು. ಎರಡನೇ ದಿನ ಅವರೆಕಾಳು ಆರಿಸಲು ಕೊಟ್ಟೆ, ಮೂರನೇ ದಿನ ಚರ್ಚಿನಲ್ಲಿ ಹಂಚಿದ ಬಣ್ಣ ತುಂಬುವ ಪುಸ್ತಕ. ಮಕ್ಕಳು ದಡ್ಡರಲ್ಲ. ಸುಮ್ಮನಿರಲಿ ಅಂತ ಕೊಟ್ಟ ಕೆಲಸವನ್ನು ಮೂಗಿನಿಂದಲೇ ಪತ್ತೆಹಚ್ಚುತ್ತಾರೆ. ಬೇಗ ಮುಗಿಸಿ ಬಂದು ನನ್ನ ಮುಖದ ಹತ್ತಿರ ಮುಖ ಇಟ್ಟು, "ಅಜ್ಜಿ, ನಿದ್ದೆ ಬಂತಾ?" ಅಂತ ಕೇಳುತ್ತಿದ್ದಳು. ಬಂದಿದ್ದರೆ ಆಗ ಹೋಗುತ್ತಿತ್ತು.

ಒಂದು ವಾರ ಹೀಗೆ ಕಳೆಯಿತು. ಹೊಸ ವರ್ಷದ ನಂತರದ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಚಿಪಾ ಕಚ್ಚಿ ನಿಧಾನಕ್ಕೆ ಅಗಿದ. ನುಂಗಲಿಲ್ಲ.

"ಲಿದುವಿನಮ್ಮ, ಉಪ್ಪಿನ ಮೇಲೆ ಸಿಟ್ಟೋ, ನಮ್ಮ ಮೇಲೆ ಸಿಟ್ಟೋ?"

ಉಪ್ಪು ಹಾಕುವುದನ್ನೇ ಮರೆತಿದ್ದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅವತ್ತು ಬುಟ್ಟಿಯ ಅರ್ಧ ಪಕ್ಕದ ಮನೆಯ ಹಂದಿಗೆ ಹೋಯಿತು.

ಅವತ್ತೇ ನಾನು ಆ ತಪ್ಪು ಮಾಡಿದೆ. ನಮ್ಮ ಕಡೆ ಹುಟ್ಟಿದ ಯಾವ ಅಜ್ಜಿಯಾದರೂ ಮಾಡುವ ತಪ್ಪು. ನನ್ನ ಅಜ್ಜಿ ನನಗೆ ಹೇಳಿದ್ದನ್ನು ನಾನು ಜೆರುತಿಗೆ ಹೇಳಿದೆ. ಊರೆಲ್ಲ ಮಲಗಿದ ಹೊತ್ತಿನಲ್ಲಿ ಜಸಿ ಜಾತೆರೆ ತಿರುಗುತ್ತಾನೆ. ಮಗುವಿನಷ್ಟೇ ಎತ್ತರ, ಮೆಕ್ಕೆಜೋಳದ ಕೂದಲಿನಂಥ ಕೂದಲು, ಕೈಯಲ್ಲಿ ಬಂಗಾರದ ಕೋಲು, ಬಾಯಲ್ಲಿ ಸಿಳ್ಳು. ನಿದ್ದೆ ಮಾಡದ ಮಕ್ಕಳನ್ನು ಹುಡುಕಿಕೊಂಡು ಬರುತ್ತಾನೆ, ಜೇನು ತಿನ್ನಿಸಿ ಕಾಡಿಗೆ ಕರೆದುಕೊಂಡು ಹೋಗುತ್ತಾನೆ. ಅದಕ್ಕೇ ಸದ್ದು ಮಾಡದೆ ಮಲಗಿರಬೇಕು.

ನನ್ನ ಕಾಲದಲ್ಲಿ ಈ ಮಾತಿಗೆ ನಾವು ಮಕ್ಕಳು ಹಾಸಿಗೆಯಲ್ಲಿ ಮುದುಡಿಕೊಳ್ಳುತ್ತಿದ್ದೆವು. ಆದರೆ ನಾವು ಏಳು ಜನ ಒಂದೇ ಕೋಣೆಯಲ್ಲಿ ಮುದುಡಿಕೊಳ್ಳುತ್ತಿದ್ದೆವು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೆರುತಿ ಹೆದರಲಿಲ್ಲ. ಅವನಿಗೆ ಎಷ್ಟು ವರ್ಷ ಅಂತ ಕೇಳಿದಳು. ಯಾವ ಆಟ ಆಡುತ್ತಾನೆ ಅಂತ ಕೇಳಿದಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಎರಡು ದಿನ ಮನೆ ನಿಶ್ಶಬ್ದವಾಗಿತ್ತು. ಅಜ್ಜಿಯ ಔಷಧ ಕೆಲಸ ಮಾಡಿತು ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಮೂರನೇ ದಿನ ಯಾಕೋ ಬೇಗ ಎಚ್ಚರವಾಯಿತು. ಗೋಡೆ ಗಡಿಯಾರದಲ್ಲಿ ಎರಡು. ಮಗುವಿನ ಹಾಸಿಗೆ ಖಾಲಿ, ಜಗಲಿ ಖಾಲಿ. ಹಿತ್ತಿಲ ಗೇಟು ತೆರೆದಿತ್ತು. ಕಪಾಟಿನಲ್ಲಿ ಜೇನಿನ ಸೀಸೆ ಇರಲಿಲ್ಲ.

ಬರಿಗಾಲಲ್ಲಿ ಓಡಿದೆ. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಆ ಬಿಸಿಲಲ್ಲಿ ನಾನು ಓಡಿದ್ದನ್ನು ಯಾರೂ ನೋಡಲಿಲ್ಲ ಅನ್ನುವುದೊಂದೇ ಸಮಾಧಾನ. ಮರಗೆಣಸಿನ ಹೊಲದ ಆಚೆ, ಕಾಡು ಶುರುವಾಗುವ ಕಡೆ, ಒಂದು ಸೀಬೆ ಗಿಡದ ಕಡ್ಡಿಯಂಥ ನೆರಳಿನಲ್ಲಿ ಕೂತಿದ್ದಳು. ಮುಖ ಟೊಮೇಟೊ ಆಗಿತ್ತು. ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಜೇನು, ಜೇನಿನ ತುಂಬ ಇರುವೆ. ತಟ್ಟೆಯ ಪಕ್ಕ ಎರಡು ಚಮಚ.

ಹೊಡೆಯುವುದಕ್ಕೆ ಎತ್ತಿದ ಕೈ ಆ ಎರಡನೇ ಚಮಚ ನೋಡಿ ಕೆಳಗಿಳಿಯಿತು.

"ಅವನು ಬರ್ಲೇ ಇಲ್ಲ ಅಜ್ಜಿ," ಅಂದಳು. "ಊರಲ್ಲಿ ಈ ಹೊತ್ತಿಗೆ ಎದ್ದಿರೋರು ನಾವಿಬ್ರೇ ಅಲ್ವಾ? ಸಿಕ್ತಾನೆ ಅಂದ್ಕೊಂಡೆ."

ಎತ್ತಿಕೊಂಡು ಬಂದೆ. ತಲೆಗೆ ನೀರು ಹಾಕಿ, ಒದ್ದೆ ಬಟ್ಟೆ ಸುತ್ತಿ ಕೂರಿಸಿದೆ. ದೇವರ ದಯೆ, ಜ್ವರ ಬರಲಿಲ್ಲ. ಮುಚ್ಚಿಡೋಣ ಅನ್ನಿಸಿದ್ದು ನಿಜ. ಆದರೆ ಮಗುವಿಗೆ ಮುಚ್ಚಿಡುವುದನ್ನು ಯಾರೂ ಕಲಿಸಿರಲಿಲ್ಲ. ಭಾನುವಾರ ನಿಮಿಯಾ ನನ್ನ ಫೋನಿಗೆ ಮಾಡಿದಾಗ ಎಲ್ಲವನ್ನೂ, ಇರುವೆಗಳ ಸಮೇತ, ಹೇಳಿಬಿಟ್ಟಳು.

ನಿಮಿಯಾ ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಎದುರು ಮಾತಾಡಬಹುದಿತ್ತು.

"ಚಿಕ್ಕಮ್ಮ, ನಿಮ್ಮ ತಪ್ಪಿಲ್ಲ," ಅಂದಳು. "ನೀವು ನಿದ್ದೆ ಬಿಟ್ರೆ ಚಿಪಾ ಇಲ್ಲ. ನೀವು ಮಲಗಿದ್ರೆ ಮಗು ಕಾಯೋರಿಲ್ಲ. ಅಲ್ಲಾದ್ರೆ ಆಡೋಕೆ ಮಕ್ಕಳಿದಾರೆ. ಈ ತಿಂಗಳು ಭಾನುವಾರದ ರಜಾನೂ ಇಲ್ಲ, ಸಂತ ಬ್ಲಾಸನ ಹಬ್ಬದ ಹಿಂದಿನ ದಿನ ಸಿಗುತ್ತೆ. ಬಂದು ಕರ್ಕೊಂಡು ಹೋಗಿ ಎನ್ಕಾರ್ನಾಸಿಯೋನ್‌ನಲ್ಲೇ ಶಾಲೆಗೆ ಹಾಕ್ತೀನಿ."

ಹಬ್ಬ ಫೆಬ್ರವರಿ ಮೂರಕ್ಕೆ. ಮೂರು ವಾರಕ್ಕಿಂತ ಸ್ವಲ್ಪ ಹೆಚ್ಚು. ನಾನು ಬೇಡ ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ಬಂದಾಗ ನೋಡು, ಆಮೇಲೆ ತೀರ್ಮಾನ ಮಾಡು ಅಂದೆ. ಅಷ್ಟಕ್ಕೆ ಅವಳು ಹೂಂ ಅಂದಳು.

ಅವತ್ತು ಸಂಜೆ ಮಾವಿನ ಮರದ ಕೆಳಗೆ ಕೂತು ತಣ್ಣನೆಯ ತೆರೆರೆ ಹೀರುತ್ತಿದ್ದೆ. ಹಸಿರು ಎಲೆಪುಡಿಗೆ ತಣ್ಣೀರು ಹಾಕಿ ಕೊಳವೆಯಲ್ಲಿ ಹೀರುವ ಈ ಪಾನೀಯ ಇಲ್ಲದೆ ನಮ್ಮಲ್ಲಿ ಯಾರಿಗೂ ಯೋಚನೆ ಹರಿಯುವುದಿಲ್ಲ. ಮಗು ಪಕ್ಕದಲ್ಲಿ ಕೂತಿತ್ತು. ಬೇರೆ ಮಾತು ತೋಚದೆ, ಆವತ್ತು ಸೀಬೆ ಗಿಡದ ಕೆಳಗೆ ಅಷ್ಟು ಹೊತ್ತು ಕೂತು ಏನು ನೋಡಿದೆ ಅಂತ ಕೇಳಿದೆ.

ಅವಳು ಹೇಳುತ್ತ ಹೋದಳು. ಮೊದಲು ಒಂದು ಇರುವೆ ಬಂದು ಜೇನು ಮುಟ್ಟದೆ ವಾಪಸು ಹೋಯಿತಂತೆ, ಆಮೇಲೆ ತನ್ನವರನ್ನೆಲ್ಲ ಕರೆದುಕೊಂಡು ಬಂತಂತೆ. ಒಂದು ಹಸಿರು ಓತಿಕೇತ ಚಮಚದ ಮೇಲೆ ಹತ್ತಿ ನಾಲಗೆ ಹಾಕಿತಂತೆ. ನೆರಳು ಮೊದಲು ಅವಳ ಮಡಿಲಲ್ಲಿತ್ತು, ಆಮೇಲೆ ಮಂಡಿ ದಾಟಿ ಹೋಯಿತು, ಅವಳೂ ಅದರ ಹಿಂದೆ ಸರಿಯುತ್ತ ಹೋದಳಂತೆ. ನಮ್ಮ ಜನರಲ್ ಬೇಲಿ ಪಕ್ಕ ಕಳ್ಳರ ಹಾಗೆ ಎಲ್ಲಿಗೋ ಹೋಗುತ್ತಿದ್ದಳಂತೆ.

ಜನರಲ್ ಅಂದರೆ ನನ್ನ ಬೋಳುಕುತ್ತಿಗೆಯ ಕೋಳಿ. ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಆ ಹೆಸರು. ದಿನಾ ಮೊಟ್ಟೆ ಇಡುವ ಜಾತಿ, ಆದರೆ ಒಂದು ವರ್ಷದಿಂದ ಅವಳ ಒಂದು ಮೊಟ್ಟೆಯೂ ನನ್ನ ಕೈಗೆ ಸಿಕ್ಕಿರಲಿಲ್ಲ. ಗೂಡು ಹುಡುಕಿ ಹುಡುಕಿ ಸೋತಿದ್ದೆ.

"ಎಲ್ಲಿಗೆ ಹೋದ್ಲು?" ಅಂತ ಕೇಳಿದೆ. ಈ ಸಲ ಮಗುವನ್ನು ಮಾತಾಡಿಸುವುದಕ್ಕೆ ಕೇಳಿದ್ದಲ್ಲ. ನನಗೆ ನಿಜವಾಗಿಯೂ ಬೇಕಿತ್ತು.

ಜೆರುತಿ ನನ್ನ ಮುಖ ನೋಡಿದಳು. ಆ ವ್ಯತ್ಯಾಸ ಅವಳಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು.

ಆಗ ಹೊಳೆಯಿತು. ನಾನು ಅರವತ್ತೊಂದು ವರ್ಷದಿಂದ ಈ ಅಂಗಳದಲ್ಲಿದ್ದೇನೆ, ಮಧ್ಯಾಹ್ನ ಎರಡು ಗಂಟೆಗೆ ಇದು ಹೇಗಿರುತ್ತದೆ ಅಂತ ಒಂದು ದಿನವೂ ಗಮನಿಸಿಲ್ಲ. ಊರಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ದಿನಾ ಮೂರು ಗಂಟೆ ಕಾಲ ನಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನಮಗೇ ತಿಳಿಯದು. ಮಗುವಿನ ಕೈಗೆ ಕೆಲಸ ಸಾಲದೆ ಹೋಗಿದ್ದಲ್ಲ. ಅವಳು ಎದ್ದಿದ್ದಾಳೆ ಅನ್ನುವುದು ಯಾರಿಗೂ ಬೇಕಿರಲಿಲ್ಲ. ಫೋನು ಒಂದೇ ಅವಳ ಜೊತೆ ಎದ್ದಿರುತ್ತಿತ್ತು.

ಮರುದಿನ ಅವಳಿಗೆ ನೌಕರಿ ಕೊಟ್ಟೆ. ಮನೆಯ ನಿದ್ದೆ ಕಾಯುವ ನೌಕರಿ. ಜಗಲಿ ಮತ್ತು ಮಾವಿನ ಮರದ ನೆರಳು ಅವಳ ಸರಹದ್ದು, ಬಿಸಿಲಿಗೆ ಕಾಲಿಟ್ಟರೆ ನೌಕರಿ ಹೋಯಿತು. ಬೆಂಕಿ, ರಕ್ತ, ಗೂಳಿ, ಈ ಮೂರು ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಎಬ್ಬಿಸುವ ಹಾಗಿಲ್ಲ. ಮೂರು ಗಂಟೆಗೆ ನಾನು ಎದ್ದು ತೆರೆರೆ ಮಾಡುತ್ತೇನೆ, ಆಗ ಏನೇನಾಯಿತು ಅಂತ ಪೂರ್ತಿ ಸುದ್ದಿ ಕೊಡಬೇಕು.

"ನಿದ್ದೆ ಬಂತಾ ಅಂತ ಕೇಳಬಹುದಾ?"

"ಕೇಳಿದ್ರೆ ನೀನೇ ಗೂಳಿ ಅಂತ ತಿಳ್ಕೋತೀನಿ."

ಮೊದಲ ದಿನ ಮೂರು ಗಂಟೆಗೆ ಸುದ್ದಿ ಸಪ್ಪೆಯಾಗಿತ್ತು. ಏನೂ ಆಗಲಿಲ್ಲ ಅಂದಳು. ನಾನು ಬೈಯಲಿಲ್ಲ, ಏನೂ ಆಗದೇ ಇರುವಾಗ ಕೋಳಿಗಳು ಎಲ್ಲಿದ್ದವು ಅಂತ ಕೇಳಿದೆ. ಗೊತ್ತಿಲ್ಲ ಅಂದಳು. ನಾಳೆ ನೋಡು ಅಂದೆ. ಎರಡನೇ ದಿನ ಎರಡು ಗಂಟೆಗೆ ಬಂದು ಎಬ್ಬಿಸಿ "ಅಜ್ಜಿ, ಗೂಳಿ" ಅಂದಳು. ಎದ್ದುಬಿದ್ದು ಹೊರಗೆ ಬಂದರೆ ಆಚೆ ಬೀದಿಯವರ ಕರು. ಇದು ಗೂಳಿಯೇನೇ ಅಂದರೆ, ಮುಂದೆ ಆಗುತ್ತಲ್ಲ ಅಂದಳು. ಆ ದಿನ ಮತ್ತೆ ನಿದ್ದೆ ಬರಲಿಲ್ಲ. ಈ ಉಪಾಯವೂ ಗುಂಡಿ ಡಬ್ಬಿಯ ದಾರಿ ಹಿಡಿಯಿತು ಅಂದುಕೊಂಡೆ.

ಆದರೆ ನಾಲ್ಕನೇ ದಿನ, ಐದನೇ ದಿನ, ನಾನು ಏಳುವಷ್ಟರಲ್ಲಿ ತೆರೆರೆಗೆ ನೀರು, ಮಂಜುಗಡ್ಡೆ ತಯಾರಿರುತ್ತಿದ್ದವು. ಸುದ್ದಿ ಕಾದು ಕೂತಿರುತ್ತಿತ್ತು. ಗಡಿಯಾರ ಒಳಗಿದ್ದದ್ದರಿಂದ ಹೊತ್ತು ತಿಳಿಯಲು ಅವಳು ಮರದ ನೆರಳಿನ ತುದಿಗೆ ಕಲ್ಲು ಇಡುವುದನ್ನು ಕಂಡುಕೊಂಡಳು. ನಾನು ಮಲಗುವಾಗ ನೆರಳು ಬಾವಿಯ ಹತ್ತಿರ, ಏಳುವಾಗ ಗೂಡೊಲೆಯ ಹತ್ತಿರ, ನಡುವೆ ಏಳು ಕಲ್ಲು. ಮೂರನೇ ಕಲ್ಲಿಗೆ ಓತಿಕೇತ ಬಾವಿಕಟ್ಟೆಯ ಮೇಲೆ ಬಂದು ತಲೆ ಆಡಿಸುತ್ತದೆ. ನಾಲ್ಕನೆಯದಕ್ಕೆ ಕಣಜದ ಹುಳ ಗೂಡೊಲೆಯ ಬಾಯಿಂದ ಮಣ್ಣು ಕಿತ್ತು ಜಗಲಿಯ ತೊಲೆಗೆ ಒಯ್ಯುತ್ತದೆ. ಒಂದು ಸಲ ಒಯ್ದು ಬರಲು ಎಷ್ಟು ಹೊತ್ತು ಬೇಕು ಅಂತ ಅವಳಿಗೆ ಗೊತ್ತು. ನನ್ನ ಒಲೆಯನ್ನು ಒಂದು ಹುಳ ಹೊತ್ತುಕೊಂಡು ಹೋಗುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ನೋಡಿದ್ದನ್ನು ಮರೆಯಬಾರದು ಅಂತ ಆ ಬಣ್ಣದ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದುಕೊಳ್ಳತೊಡಗಿದಳು. ಯಾರೂ ಬರೆ ಅಂದಿರಲಿಲ್ಲ. ಎಷ್ಟೋ ದಿನ ಏನೂ ಮಾಡದೆ ಸುಮ್ಮನೆ ಮಲಗಿ ಎಲೆಗಳ ನಡುವೆ ಆಕಾಶ ನೋಡುತ್ತಿದ್ದಳಂತೆ. ಅದನ್ನೂ ಸುದ್ದಿಯಲ್ಲಿ ಸೇರಿಸುತ್ತಿದ್ದಳು.

ನನಗೆ ನಿದ್ದೆ ಬರತೊಡಗಿತು. ಕಂಡಕ್ಟರ್ ಎರಡು ಚಿಪಾ ಕೊಂಡು ಮೂರನೆಯದಕ್ಕೆ ಕೈ ಹಾಕಿ, ಉಪ್ಪಿನ ಜೊತೆ ರಾಜಿಯಾದ ಹಾಗಿದೆ ಅಂದ.

ಜನರಲ್ ವಿಷಯ ಕಂತು ಕಂತಾಗಿ ಬರುತ್ತಿತ್ತು. ಎರಡನೇ ಕಲ್ಲಿಗೆ ಅವಳು ಕೆರೆಯುವುದು ನಿಲ್ಲಿಸುತ್ತಾಳೆ. ಎಡಗಡೆ ಬೇಲಿಯ ತೂತಿನ ಹತ್ತಿರ ಹೋಗುತ್ತಾಳೆ. ಯಾರಾದರೂ ನೋಡುತ್ತಿದ್ದಾರಾ ಅಂತ ನೋಡುತ್ತಾಳೆ. ಅಲ್ಲಿಂದ ಮುಂದೆ ಜೆರುತಿಯ ಸರಹದ್ದು ಮುಗಿಯುತ್ತಿತ್ತು. ಒಂದು ದಿನ ಅವಳು ಮಾವಿನ ಮರದ ಕವಲಿಗೆ ಹತ್ತಿ ಕೂತಳು. ಮರದ ಮೇಲೂ ನೆರಳೇ ಇದೆ ಅನ್ನುವುದು ಅವಳ ವಾದ. ಅವತ್ತು ಮೂರು ಗಂಟೆಗೆ ಸುದ್ದಿ ಹೇಳುವಾಗ ಅವಳಿಗೆ ಕೂರಲು ಆಗುತ್ತಿರಲಿಲ್ಲ.

ಎಡಗಡೆ ಮನೆ ದೋನ್ ಕ್ರಿಸ್ಪುಲೋದು. ಹೆಂಡತಿ ತೀರಿಕೊಂಡು ಆರು ವರ್ಷ, ಅಂಚೆ ಕಚೇರಿಯಿಂದ ನಿವೃತ್ತ, ಇಸ್ತ್ರಿ ಮಾಡದ ಅಂಗಿ ಹಾಕಿದ್ದನ್ನು ಯಾರೂ ಕಂಡಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಆರು ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ಟೋಪಿ ತೆಗೆದು, "ನನ್ನ ಕೋಳಿಗಳ ಕಡೆಯಿಂದ, ನಿಮ್ಮ ಚಿಪಾಗೆ" ಅನ್ನುತ್ತಾರೆ. ನಾನು ಗೂಡೊಲೆಯಿಂದ ಆಗತಾನೇ ತೆಗೆದ ಎರಡು ಚಿಪಾ ಕೊಡುತ್ತೇನೆ. ನಿಂತುಕೊಂಡೇ ತಿಂದು, ಹವೆಯ ಬಗ್ಗೆ ಎರಡು ಮಾತಾಡಿ ಹೋಗುತ್ತಾರೆ. ಒಂದು ವರ್ಷದಿಂದ ನಡೆದುಬಂದ ಮರ್ಯಾದೆ.

ಜೆರುತಿ ಮರದ ಮೇಲಿಂದ ಕಂಡದ್ದು ಇಷ್ಟು. ಊರೆಲ್ಲ ಮಲಗಿದಾಗ ದೋನ್ ಕ್ರಿಸ್ಪುಲೋ ಎದ್ದಿದ್ದರು. ಬನಿಯನ್ನಿನಲ್ಲಿದ್ದರು. ಬೇಲಿಯ ತೂತಿನಿಂದ ತಮ್ಮ ಹಿತ್ತಿಲವರೆಗೆ ಮೆಕ್ಕೆಜೋಳದ ಕಾಳು ಒಂದೊಂದಾಗಿ ಉದುರಿಸುತ್ತ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಜನರಲ್ ಹಿಂದೆ ಹೋಗುತ್ತಿದ್ದಳು. ಹಿತ್ತಿಲಲ್ಲಿ ಒಂದು ಹಳೇ ಅಂಚೆ ಚೀಲ, ಅದರೊಳಗೆ ಹುಲ್ಲು. ಜನರಲ್ ಅದರೊಳಗೆ ಹೋಗಿ ಕೂತಳು. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವಳ ಜೊತೆ ಮಾತಾಡುತ್ತಿದ್ದರು.

"ಏನು ಮಾತಾಡ್ತಿದ್ರು?"

"ಕೇಳಿಸಲಿಲ್ಲ. ಒಂದ್ಸಲ 'ನನ್ನ ರಾಣಿ' ಅಂದ್ರು. ಅಜ್ಜಿ, ಅವ್ರು ನಮ್ಮ ಕೋಳಿ ಮೊಟ್ಟೆನ ನಮಗೇ ತಂದು ಕೊಟ್ಟು ಚಿಪಾ ತಿಂತಿದಾರೆ. ಈಗ್ಲೇ ಹೋಗಿ ಹೇಳ್ಲಾ? ಬೀದಿಗೆಲ್ಲ ಹೇಳ್ಲಾ?"

ನನಗೂ ಮೊದಲು ರಕ್ತ ಕುದಿಯಿತು. ಆಮೇಲೆ ತೆರೆರೆಯ ಎರಡು ಸುತ್ತು ಆದಮೇಲೆ ನಗು ಬಂತು. ಒಬ್ಬ ಮನುಷ್ಯ ವರ್ಷವಿಡೀ ಬಿಸಿಲಲ್ಲಿ ಕಾಳು ಉದುರಿಸುತ್ತಾನೆ ಅಂದರೆ ಅದು ಆರು ಮೊಟ್ಟೆಯ ಆಸೆಯಲ್ಲ. ಅವನಿಗೂ ಮಧ್ಯಾಹ್ನ ನಿದ್ದೆ ಬರುವುದಿಲ್ಲ, ಅವನಿಗೂ ಎದ್ದಿರುವವರು ಯಾರೂ ಸಿಗುವುದಿಲ್ಲ. ಮತ್ತೆ, ಶನಿವಾರ ಬಾಗಿಲಿಗೆ ಬರಲು ಮನುಷ್ಯನಿಗೆ ಕೈಯಲ್ಲಿ ಏನಾದರೂ ಬೇಕಲ್ಲ. ನಾನು ಬೀದಿಗೆಲ್ಲ ಸಾರಿದರೆ ಮೊಟ್ಟೆ ನನಗೆ ಸಿಗುತ್ತದೆ, ಬೇಲಿಯ ತೂತು ಮುಚ್ಚುತ್ತದೆ, ಶನಿವಾರ ಮುಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ಒಬ್ಬ ಎಂಟು ವರ್ಷದವಳು ಕೂತಿದ್ದಳು. ಕಾಯುವುದೆಂದರೆ ಹಿಡಿದುಹಾಕುವುದು ಅಂತ ಅವಳು ಇವತ್ತು ಕಲಿತರೆ ಮುಂದೆ ಅವಳ ಪಕ್ಕದ ಮನೆಯಲ್ಲಿ ಯಾರೂ ಬಾಳಲಾರರು.

"ನೋಡು ಮಗಾ," ಅಂದೆ. "ಸುದ್ದಿಯಲ್ಲಿ ಎರಡು ಜಾತಿ. ಒಂದು ಹೇಳೋ ಸುದ್ದಿ, ಒಂದು ಇಟ್ಕೊಳ್ಳೋ ಸುದ್ದಿ. ಹೇಳಿದ್ರೆ ಯಾರಿಗಾದ್ರೂ ಒಳ್ಳೇದಾಗುತ್ತಾ ಅಂತ ನೋಡು. ಆಗಲ್ಲ ಅಂದ್ರೆ ಜೇಬಲ್ಲಿಟ್ಕೋ. ನಿದ್ದೆ ಕಾಯೋಳು ಬೇರೆ, ಚಾಡಿ ಹೇಳೋಳು ಬೇರೆ."

"ಆದ್ರೆ ನಿಮ್ಮ ಮೊಟ್ಟೆ?"

"ಮೊಟ್ಟೆ ಮನೆಗೇ ಬರ್ತಿದೆಯಲ್ಲ. ಸ್ವಲ್ಪ ಸುತ್ತಿಕೊಂಡು ಬರ್ತಿದೆ, ಅಷ್ಟೆ."

ಶನಿವಾರ ದೋನ್ ಕ್ರಿಸ್ಪುಲೋ ಬಂದರು, ಟೋಪಿ ತೆಗೆದರು. ನಾನು ಮೊಟ್ಟೆ ತೆಗೆದುಕೊಂಡು, ನಿಮ್ಮ ಕೋಳಿಗಳು ಬಹಳ ದುಡಿಯುತ್ತವೆ, ಅವಕ್ಕೆ ನನ್ನ ಕಡೆಯಿಂದ ಇದು ಅಂತ ಒಂದು ಡಬ್ಬಿ ಮೆಕ್ಕೆಜೋಳ ಕೊಟ್ಟೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ಜೆರುತಿಯನ್ನು ನೋಡಿದರು. ಜೆರುತಿ ತುಟಿ ಬಿಗಿಹಿಡಿದು ಮಾವಿನ ಮರ ನೋಡುತ್ತಿದ್ದಳು. ಇಸ್ತ್ರಿ ಅಂಗಿಯ ಕಾಲರಿನವರೆಗೆ ಅವರ ಮುಖ ಕೆಂಪಾಯಿತು. ಹವೆಯ ಬಗ್ಗೆ ಒಂದೇ ಮಾತಾಡಿ ಹೋದರು. ಮುಂದಿನ ಶನಿವಾರ ಹನ್ನೆರಡು ಮೊಟ್ಟೆ ತಂದರು, ಮತ್ತು ಮೊದಲ ಸಲ ಕುರ್ಚಿಯಲ್ಲಿ ಕೂತರು.

ಹಬ್ಬದ ಹಿಂದಿನ ದಿನ ಹನ್ನೊಂದು ಗಂಟೆಗೆ ನಿಮಿಯಾ ಬಸ್ಸಿನಿಂದ ಇಳಿದಳು. ಒಂದು ಖಾಲಿ ಸೂಟ್‌ಕೇಸ್ ತಂದಿದ್ದಳು, ಮಗುವಿನ ಬಟ್ಟೆಗೆ. ಐದು ಗಂಟೆಯ ಎನ್ಕಾರ್ನಾಸಿಯೋನ್ ಬಸ್ಸಿಗೆ ಎರಡು ಟಿಕೆಟ್ ಆಗಲೇ ಕೊಂಡಿದ್ದಳು. ನಾನು ಮೂರು ವಾರದ ಕಥೆ ಹೇಳಿದೆ. ಅವಳು ಕೇಳಿದಳು, ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅವಳ ಫೋನು ಗುಂಯ್ ಅನ್ನುತ್ತಿತ್ತು. ಮಾಲಕಿಗೆ ಇಸ್ತ್ರಿ ಪೆಟ್ಟಿಗೆ ಸಿಗಲಿಲ್ಲ, ಮಾಲಕಿಗೆ ನಾಯಿಯ ಔಷಧ ಸಿಗಲಿಲ್ಲ. ಕಣ್ಣಿನ ಕೆಳಗೆ ಮಸಿ ಬಳಿದ ಹಾಗಿತ್ತು.

ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಖಾರದ ಕೇಕು ಮಾಡಿದ್ದೆ. ಉಂಡ ಮೇಲೆ, ಈಗ ಯಾವ ಬಸ್ಸೂ ಇಲ್ಲ, ಜಗಲಿಯ ತೂಗುಹಾಸಿಗೆಯಲ್ಲಿ ಸ್ವಲ್ಪ ಒರಗು ಅಂದೆ. ನಿದ್ದೆ ಬರಲ್ಲ ಚಿಕ್ಕಮ್ಮ, ಸುಮ್ಮನೆ ಬೆನ್ನು ಚಾಚುತ್ತೇನೆ ಅಂದಳು. ಜೆರುತಿ ಅವಳ ಕೈಯಿಂದ ಫೋನು ತೆಗೆದುಕೊಂಡಳು. ನಾನು ತಡೆಯಲು ಕೈ ಚಾಚಿದೆ. ಮಗು ಅದರತ್ತ ನೋಡಲೂ ಇಲ್ಲ. ಒಳಗೆ ಒಯ್ದು ಮರಗೆಣಸಿನ ಹಿಟ್ಟಿನ ಮೂಟೆಯ ಮೇಲಿಟ್ಟು ಮೇಲೊಂದು ದಿಂಬು ಹಾಕಿ ಬಂದಳು. ನಿದ್ದೆ ಕಾಯುವವಳಿಗೆ ಅದು ಸದ್ದು ಮಾಡುವ ವಸ್ತು, ಅಷ್ಟೆ. ನಿಮಿಯಾ ಏನೋ ಹೇಳಲು ಬಾಯಿ ತೆರೆದಳು. ಬಾಯಿ ತೆರೆದೇ ಇತ್ತು, ನಿದ್ದೆ ಬಂದಿತ್ತು.

ಅವತ್ತು ನಾನು ಮಲಗಿದೆ, ಕಣ್ಣು ಮುಚ್ಚಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಮಗು ಮೊದಲ ಕಲ್ಲು ಇಟ್ಟಿತು. ಎರಡನೆಯದು ಇಟ್ಟಿತು. ಜನರಲ್ ಬೇಲಿಯ ತೂತಿನಲ್ಲಿ ನುಸುಳಿದಳು. ಓತಿಕೇತ ಬಂದು ತಲೆ ಆಡಿಸಿತು. ನಿಮಿಯಾಳ ಮುಖದ ಮೇಲೆ ಕೂತ ನೊಣವನ್ನು ಮಗು ಬಣ್ಣದ ಪುಸ್ತಕದಿಂದ ಓಡಿಸಿತು, ಗಾಳಿ ತಾಗುವಷ್ಟು ಹತ್ತಿರದಿಂದ, ಪುಸ್ತಕ ತಾಗದಷ್ಟು ದೂರದಿಂದ. ಇಂಥ ಕೆಲಸವನ್ನು ಹೇಳಿಕೊಟ್ಟು ಕಲಿಸಲು ಆಗುವುದಿಲ್ಲ.

ಐದನೇ ಕಲ್ಲಿನ ಹೊತ್ತಿಗೆ ನಿಮಿಯಾ ನಿದ್ದೆಯಲ್ಲಿ ಮಾತಾಡಿದಳು. ಜೋರಾಗಲ್ಲ. "ಬಂದೆ ಅಮ್ಮಾವ್ರೇ," ಅಂದಳು. ಸ್ವಲ್ಪ ಬಿಟ್ಟು, "ಈಗ್ಲೇ ತಂದೆ. ಕ್ಷಮಿಸಿ ಅಮ್ಮಾವ್ರೇ." ಕೈ ಎದ್ದು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಯಿತು, ಮತ್ತೆ ಬಿತ್ತು.

ಜೆರುತಿ ಅಲ್ಲೇ ನಿಂತಳು. ಆಮೇಲೆ ತುದಿಗಾಲಲ್ಲಿ ನನ್ನ ಮಂಚದ ಹತ್ತಿರ ಬಂದಳು. ಬೆಂಕಿಯಲ್ಲ, ರಕ್ತವಲ್ಲ, ಗೂಳಿಯಲ್ಲ. ಆದರೂ ಬಂದಳು.

"ಅಜ್ಜಿ, ಅಮ್ಮ ನಿದ್ದೆಯಲ್ಲೂ ಕೆಲಸ ಮಾಡ್ತಿದಾಳೆ," ಅಂತ ಪಿಸುಗುಟ್ಟಿದಳು. "ಇದು ಹೇಳೋ ಸುದ್ದಿನಾ, ಇಟ್ಕೊಳ್ಳೋ ಸುದ್ದಿನಾ?"

ಹೇಳಿದರೆ ನಿಮಿಯಾಗೆ ನಾಚಿಕೆ, ಇಟ್ಟುಕೊಂಡರೆ ಮಗುವಿಗೆ ಭಾರ. "ಕಾಯೋಳು ನೀನು," ಅಂದೆ. "ನೀನೇ ನೋಡು."

ಅವಳು ಹೊರಗೆ ಹೋಗಿ ತೂಗುಹಾಸಿಗೆಯ ಹಗ್ಗ ಹಿಡಿದು ಮೆಲ್ಲಗೆ ತೂಗತೊಡಗಿದಳು. ಆರನೇ ಕಲ್ಲು ಇಡಲು ಮಾತ್ರ ಒಂದು ಸಲ ಬಿಟ್ಟಳು.

ಏಳನೇ ಕಲ್ಲಾದ ಮೇಲೆ ನಿಮಿಯಾ ದಡಬಡಿಸಿ ಎದ್ದಳು. ಕಾಲು ಚಪ್ಪಲಿ ಹುಡುಕುತ್ತಿತ್ತು, ಕಣ್ಣು ಇನ್ನೂ ತೆರೆದಿರಲಿಲ್ಲ.

"ಯಾರು ಕರೆದ್ರು? ಯಾರೋ ಕರೆದ್ರಲ್ಲ."

"ಯಾರೂ ಕರೀಲಿಲ್ಲ ಅಮ್ಮ," ಅಂದಳು ಜೆರುತಿ. ಸುದ್ದಿ ಕೊಡುವ ಅದೇ ದನಿ, ಕೈ ಕಟ್ಟಿಕೊಂಡು. "ನೆರಳು ಬಾವಿಯಿಂದ ಗೂಡೊಲೆವರೆಗೆ ಬಂತು. ಏಳು ಕಲ್ಲು. ಅಷ್ಟು ಹೊತ್ತೂ ನಿನ್ನ ಯಾರೂ ಕರೀಲಿಲ್ಲ. ನಾನು ಇಲ್ಲೇ ಇದ್ದೆ, ನೋಡ್ಕೊಂಡೆ."

ನಿಮಿಯಾ ಕಲ್ಲುಗಳನ್ನು ನೋಡಿದಳು. ಬಾವಿಯಿಂದ ಒಲೆಯವರೆಗೆ ಒಂದೊಂದಾಗಿ ನೋಡಿದಳು. ಅಷ್ಟು ಹೊತ್ತು ತಾನು ನಿದ್ದೆ ಮಾಡಿದ್ದೇನೆಯೇ ಅಂತ ನನ್ನನ್ನು ಕೇಳಿದಳು. ನನಗೇನು ಗೊತ್ತು, ನಾನು ಮಲಗಿದ್ದೆ, ಕಾಯುವವಳನ್ನು ಕೇಳು ಅಂದೆ. ಅವಳು ಮತ್ತೆ ತೂಗುಹಾಸಿಗೆಯಲ್ಲಿ ಕೂತು, ಇನ್ನೇನೇನಾಯಿತು ಅಂತ ಮಗಳನ್ನು ಕೇಳಿದಳು. ಈ ಸಲ ಕೇಳಿಸಿಕೊಂಡಳು. ಓತಿಕೇತ, ಕಣಜದ ಹುಳ, ಜನರಲ್ ಎಲ್ಲಿಗೋ ಹೋಗಿ ಬಂದಿದ್ದು, ಎಲ್ಲ ಬಂತು. ಎಲ್ಲಿಗೆ ಹೋಗಿದ್ದಳು ಅಂತ ನಿಮಿಯಾ ಕೇಳಿದರೆ, ಅದು ಇಟ್ಟುಕೊಳ್ಳುವ ಸುದ್ದಿ ಅಂದಳು. ಅಮ್ಮ ನಿದ್ದೆಯಲ್ಲಿ ಆಡಿದ ಮಾತನ್ನು ಹೇಳಲೇ ಇಲ್ಲ. ಯಾರೂ ಕರೀಲಿಲ್ಲ ಅನ್ನುವ ಸುದ್ದಿಯನ್ನು ಅದರಿಂದಲೇ ಮಾಡಿಕೊಂಡಿದ್ದಳು.

ತೆರೆರೆಯ ಮೊದಲ ಸುತ್ತನ್ನು ಜೆರುತಿ ಅಮ್ಮನಿಗೆ ಕೊಟ್ಟಳು. ಮೂರು ಸುತ್ತು ಆಯಿತು, ಐದು ಸುತ್ತು ಆಯಿತು. ಖಾಲಿ ಸೂಟ್‌ಕೇಸ್ ಬಾಗಿಲ ಪಕ್ಕ ನಿಂತಿತ್ತು. ಅದನ್ನು ಯಾರೂ ನೋಡಲಿಲ್ಲ, ಎಲ್ಲರಿಗೂ ಅದು ಕಾಣುತ್ತಿತ್ತು. ಒಳಗೆ ದಿಂಬಿನ ಕೆಳಗೆ ಫೋನು ಎರಡು ಸಲ ಗುಂಯ್ ಅಂದಿತು. ನಿಮಿಯಾ ಏಳಲು ಹೊರಟು, ಮಗಳ ಕೈಯಲ್ಲಿದ್ದ ಬಟ್ಟಲು ತನ್ನ ಸರದಿಗೆ ಬಂದದ್ದರಿಂದ ಕೂತಳು.

ಐದು ಗಂಟೆಗೆ ಎನ್ಕಾರ್ನಾಸಿಯೋನ್ ಬಸ್ಸು ತಿರುವಿನಲ್ಲಿ ನಿಂತು ಹಾರ್ನ್ ಹೊಡೆಯಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, ಇಬ್ಬರು ಹತ್ತಬೇಕಿತ್ತಲ್ಲ ಅಂತ ಕೂಗಿದ. ನಾನು ನೆಲ ನೋಡುತ್ತ ಕೂತೆ.

ನಿಮಿಯಾ ಅವನಿಗೆ ಕೈ ಬೀಸಿದಳು, ಹೋಗು ಅನ್ನುವ ಹಾಗೆ. ಧೂಳು ಎದ್ದು, ಮಾವಿನ ಎಲೆಗಳ ಮೇಲೆ ಕೂತಿತು.

"ಇಲ್ಲಿ ಶಾಲೆಗೆ ಹೆಸರು ಬರೆಸೋದು ಯಾವಾಗ ಚಿಕ್ಕಮ್ಮ?" ಅಂದಳು.

"ನಾಳೆ ಹಬ್ಬ, ಮುಚ್ಚಿರುತ್ತೆ. ನಾಡಿದ್ದು ಬೆಳಿಗ್ಗೆ, ಬುಟ್ಟಿ ಖಾಲಿಯಾದ ಮೇಲೆ ಹೋಗ್ತೀನಿ."

"ಹಾಗಿದ್ರೆ ನಾಳೆ ಮಧ್ಯಾಹ್ನಾನೂ ನಾನು ಇಲ್ಲೇ ಮಲಗ್ತೀನಿ," ಅಂದಳು ನಿಮಿಯಾ, ಮಗಳ ಕಡೆ ನೋಡಿ. "ಜಾಗ ಇದ್ಯಾ?"

ಜೆರುತಿ ಅಂಗಳಕ್ಕೆ ಇಳಿದು ಏಳೂ ಕಲ್ಲುಗಳನ್ನು ಆರಿಸಿ ಬಾವಿಯ ಪಕ್ಕ ಗುಡ್ಡೆ ಹಾಕಿದಳು, ನಾಳೆಗೆ.